ಉಪಕರಣಗಳಿಗೆ ಅಳಿಯದ ಗುರುತು

ಸುಗ್ಗಿಯ ಕಾಲದಲ್ಲಿ ನಾಲ್ಕು ಮನೆಯ ಕುಡುಗೋಲು, ಗುದ್ದಲಿ, ಸ್ಪ್ಯಾನರುಗಳು ಒಂದೇ ಕಣದಲ್ಲಿ ಸೇರುತ್ತವೆ. ಸಂಜೆ ಮನೆಗೆ ಹೊರಡುವಾಗ ‘ಇದು ನನ್ನದು’ ಎಂಬ ಮಾತು ಬೆಳೆದು ಮನಸ್ತಾಪವಾಗುವುದೂ ಉಂಟು. ಬಣ್ಣದಲ್ಲಿ ಬರೆದ ಹೆಸರು ಬಹುಕಾಲ ಉಳಿಯದು. ಹದ ಮಾಡಿದ ಗಟ್ಟಿ ಉಕ್ಕನ್ನು ಉಳಿಯಿಂದ ಹೊಡೆದರೆ ಚೂರು ಸಿಡಿಯಬಹುದು. ನಿಮ್ಮ ಟ್ರ್ಯಾಕ್ಟರಿನ ಬ್ಯಾಟರಿ ಮತ್ತು ಅಡಿಗೆಮನೆಯ ಉಪ್ಪಿನಿಂದ ಅಳಿಯದ ಗುರುತು ಹಾಕುವ ಸುಲಭ ವಿಧಾನವೊಂದಿದೆ.

ತತ್ವ

ಉಪ್ಪುನೀರಿನ ಮೂಲಕ ಬ್ಯಾಟರಿಯ ವಿದ್ಯುತ್ ಹರಿದಾಗ ಧನ (+) ತುದಿಗೆ ಸೇರಿಸಿದ ಕಬ್ಬಿಣ ಕರಗುತ್ತದೆ. ಋಣ (–) ತುದಿಯಲ್ಲಿ ಜಲಜನಕದ ಗುಳ್ಳೆಗಳು ಏಳುತ್ತವೆ. 1 ಆಂಪಿಯರ್ ವಿದ್ಯುತ್ 1 ನಿಮಿಷ ಹರಿದರೆ ಹೆಚ್ಚೆಂದರೆ ಸುಮಾರು 17 ಮಿಲಿಗ್ರಾಂ ಕಬ್ಬಿಣ ಕರಗುತ್ತದೆ. ಅಕ್ಷರಗಳ ಜಾಗ ಬಿಟ್ಟು ಉಳಿದ ಭಾಗಕ್ಕೆ ಉಗುರುಬಣ್ಣ ಸವರಿದ್ದರೆ ಅಕ್ಷರಗಳು ಮಾತ್ರ ಕೊರೆದು ನಿಲ್ಲುತ್ತವೆ.

ಬೇಕಾಗುವ ಸಾಮಗ್ರಿ

12 ವೋಲ್ಟ್ ಬ್ಯಾಟರಿ, 12 ವೋಲ್ಟ್–21 ವ್ಯಾಟಿನ ಇಂಡಿಕೇಟರ್ ಬಲ್ಬು, ವೈರು, ಕಬ್ಬಿಣದ ಮೊಳೆ, ಹತ್ತಿ, ಉಪ್ಪು, ಉಗುರುಬಣ್ಣ.

ವಿಧಾನ

1. ಉಪಕರಣದ ತುಕ್ಕು, ಜಿಡ್ಡು ತೆಗೆದು ಒಣಗಿಸಿ. ಬಾಯಿಯ ಅಂಚನ್ನು ಬಿಟ್ಟು ದಪ್ಪ ಭಾಗವನ್ನು ಆರಿಸಿ.

2. ಉಗುರುಬಣ್ಣ ಸವರಿ. ಒಣಗಿದ ಮೇಲೆ ಸೂಜಿಯಿಂದ ಲೋಹ ಕಾಣುವಂತೆ ಅಕ್ಷರಗಳನ್ನು ಗೀರಿ.

3. ಒಂದು ಲೋಟ ನೀರಿಗೆ ಒಂದು ಚಮಚ ಉಪ್ಪು ಕರಗಿಸಿ. ಮೊಳೆಗೆ ಹತ್ತಿ ದಪ್ಪವಾಗಿ ಸುತ್ತಿ ಈ ನೀರಿನಲ್ಲಿ ನೆನೆಸಿ.

4. ಬ್ಯಾಟರಿಯನ್ನು ಟ್ರ್ಯಾಕ್ಟರಿನಿಂದ ಬಿಚ್ಚಿಡಿ. ಅದರ ಧನ ತುದಿಯಿಂದ ಬಲ್ಬಿನ ಮೂಲಕ ಉಪಕರಣಕ್ಕೂ, ಋಣ ತುದಿಯಿಂದ ಮೊಳೆಗೂ ವೈರು ಜೋಡಿಸಿ. ತುದಿಗಳು ಅದಲುಬದಲಾದರೆ ಉಪಕರಣದ ಬದಲು ಮೊಳೆಯೇ ಕರಗುತ್ತದೆ.

5. ಹತ್ತಿಯನ್ನು ಅಕ್ಷರಗಳ ಮೇಲೆ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಆಗಾಗ್ಗೆ ಎತ್ತಿ ಆಳವನ್ನು ನೋಡಿ. ಹತ್ತಿ ಕೊಳೆಯಾದರೆ ಬದಲಾಯಿಸಿ.

6. ವೈರು ಬಿಚ್ಚಿ, ನೀರಿನಿಂದ ಚೆನ್ನಾಗಿ ತೊಳೆದು, ಒರೆಸಿ, ಉಗುರುಬಣ್ಣ ತೆಗೆದು ಎಣ್ಣೆ ಸವರಿ. ಉಪ್ಪು ಉಳಿದರೆ ತುಕ್ಕು ಹಿಡಿಯುವುದು ಖಂಡಿತ.

ಬಲ್ಬನ್ನು ಬಿಡಬೇಡಿ. ಮೊಳೆ ಅಕಸ್ಮಾತ್ ಲೋಹಕ್ಕೆ ತಗುಲಿದರೂ ಅದು 2 ಆಂಪಿಯರಿಗಿಂತ ಹೆಚ್ಚು ವಿದ್ಯುತ್ ಹರಿಯಲು ಬಿಡದು. ಬಲ್ಬು ಪೂರ್ತಿ ಉರಿದರೆ ಮೊಳೆ ತಗುಲಿದೆ ಎಂದು ತಿಳಿಯಿರಿ.

ಎಚ್ಚರಿಕೆ

ಮನೆಯ 230 ವೋಲ್ಟ್ ವಿದ್ಯುತ್ತನ್ನು ಎಂದಿಗೂ ಬಳಸಬಾರದು. ಬ್ಯಾಟರಿ ಚಾರ್ಜ್ ಆಗುವಾಗ ಹೊರಡುವ ಅನಿಲ ಕಿಡಿ ತಗುಲಿದರೆ ಸಿಡಿಯುತ್ತದೆ. ಆ ಹೊತ್ತಿನಲ್ಲಿ ಈ ಕೆಲಸ ಬೇಡ. ಗಾಳಿಯಾಡುವ ಜಾಗದಲ್ಲಿ ಕೈಗವಸು ಧರಿಸಿ ಮಾಡಿ. ಸತುವಿನ ಲೇಪವುಳ್ಳ ಬಕೆಟ್, ಪೈಪುಗಳಿಗೆ ಈ ವಿಧಾನ ಸಲ್ಲದು. ಲೇಪ ಕರಗಿ ತುಕ್ಕಿಗೆ ದಾರಿಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೂ ಬೇಡ; ಅದರಿಂದ ಕ್ರೋಮಿಯಂನ ವಿಷಕಾರಿ ಸಂಯುಕ್ತಗಳು ಉಂಟಾಗಬಹುದು.

ಗುರುತು ಹಾಕಿದ ಉಪಕರಣಗಳ ಪಟ್ಟಿಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಎರವಲು ಕೊಟ್ಟ ದಿನವನ್ನೂ ಅದರಲ್ಲೇ ಗುರುತಿಸಿ. ಉಪಕರಣವೂ ಮನೆಗೆ ಬರುತ್ತದೆ, ನೆರೆಹೊರೆಯ ಸ್ನೇಹವೂ ಉಳಿಯುತ್ತದೆ.