ಬೇಸಿಗೆಯಲ್ಲಿ ನೀರು ಇಳಿದ ಕೆರೆಗಳಿಂದ ಮೀನುಗಳ ಸ್ಥಳಾಂತರ: ಸಾರ್ವಜನಿಕರಿಗೆ ಮಾಹಿತಿ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಿಗೆ ಕೆರೆಗಳೇ ಆಧಾರ. ನೊಣವಿನಕೆರೆ, ಮಲ್ಲಾಘಟ್ಟ, ಈಚನೂರು ಮುಂತಾದ ಕೆರೆಗಳಿಗೆ ಹೇಮಾವತಿ ನಾಲೆಯ ನೀರು ದೊರೆಯುತ್ತದೆ. ಇತರ ಅನೇಕ ಕೆರೆಗಳು ಮಳೆಯನ್ನೇ ಅವಲಂಬಿಸಿವೆ. ಬೇಸಿಗೆಯಲ್ಲಿ ಇಂತಹ ಕೆರೆಗಳ ನೀರು ತಗ್ಗಿ, ತೋಟಗಳಿಗೆ ಕೆರೆಗೋಡು ಸಾಗಿಸುವ ಕೆಲಸ ಆರಂಭವಾದಾಗ, ಮೀನುಗಳು ಉಳಿದ ಗುಂಡಿಗಳಲ್ಲಿ ಕಿಕ್ಕಿರಿದು ಸೇರುತ್ತವೆ. ಅವುಗಳನ್ನು ಉಳಿಸಲು ಗ್ರಾಮದ ಯುವಕ ಸಂಘಗಳು ಹಾಗೂ ಸ್ವಯಂಸೇವಕರು ಮುಂದಾಗುವುದುಂಟು. ಈ ಕಾರ್ಯ ಶ್ಲಾಘನೀಯವಾದರೂ ಪೂರ್ವಾನುಮತಿ ಹಾಗೂ ಸರಿಯಾದ ಕ್ರಮವಿಲ್ಲದೆ ಕೈಗೊಂಡಲ್ಲಿ ಮೀನಿಗೂ ಮೀನುಗಾರರಿಗೂ ನಷ್ಟವುಂಟಾಗುತ್ತದೆ.

ಅನುಮತಿ ಏಕೆ ಅಗತ್ಯ?

ಕೆರೆಯ ಮೀನು ಯಾರಿಗೂ ಸೇರದ ಸ್ವತ್ತಲ್ಲ. ದೊಡ್ಡ ಕೆರೆಗಳ ಮೀನುಪಾಶುವಾರು ಹಕ್ಕನ್ನು ಮೀನುಗಾರಿಕೆ ಇಲಾಖೆಯ ಮೂಲಕವೂ, ಸಣ್ಣ ಕೆರೆಗಳ ಹಕ್ಕನ್ನು ಗ್ರಾಮ ಪಂಚಾಯತಿಯ ಮೂಲಕವೂ ವಿಲೇವಾರಿ ಮಾಡಲಾಗುತ್ತದೆ. ಗುತ್ತಿಗೆ ಪಡೆದ ಸಹಕಾರ ಸಂಘ ಅಥವಾ ವ್ಯಕ್ತಿಯು ಹಣ ಪಾವತಿಸಿ, ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿತ್ತನೆ ಮಾಡಿರುತ್ತಾರೆ. ಅವರ ಒಪ್ಪಿಗೆಯಿಲ್ಲದೆ ಬಲೆ ಹಾಕಿದಲ್ಲಿ ಅವರ ವರ್ಷದ ದುಡಿಮೆಯೇ ಕೈತಪ್ಪುತ್ತದೆ. ಇಂಗ್ಲೆಂಡಿನಲ್ಲಿ ಗಾಳ ಹಾಕುವವರ ಸಂಘಗಳ ಸದಸ್ಯರು ತಮ್ಮದೇ ಕೊಳದಲ್ಲಿ ಬಲೆ ಎಳೆದು ಮೀನನ್ನು ಬೇರೆಡೆಗೆ ಸಾಗಿಸಲು ಸಹ ಅಲ್ಲಿನ ಪರಿಸರ ಸಂಸ್ಥೆಯ ಅನುಮತಿ ಪಡೆಯಬೇಕು. ಒಂದು ಜಲಮೂಲದಿಂದ ಇನ್ನೊಂದಕ್ಕೆ ರೋಗ ಹರಡದಂತೆ ತಡೆಯುವುದು ಇದರ ಒಂದು ಉದ್ದೇಶ.

ಮನವಿಯಲ್ಲಿ ನಮೂದಿಸಬೇಕಾದ ವಿವರಗಳು

1. ಕೆರೆಯ ಹೆಸರು, ಗ್ರಾಮ ಮತ್ತು ಉಳಿದಿರುವ ನೀರಿನ ಅಂದಾಜು ಆಳ
2. ಗುತ್ತಿಗೆದಾರರಿದ್ದಲ್ಲಿ ಅವರ ಒಪ್ಪಿಗೆ ಪತ್ರ
3. ಮೀನುಗಳನ್ನು ಬಿಡಲು ಉದ್ದೇಶಿಸಿರುವ ಕೆರೆ ಮತ್ತು ಸಾಗಣೆಯ ವಿಧಾನ
4. ಭಾಗವಹಿಸುವವರ ಸಂಖ್ಯೆ ಮತ್ತು ಜವಾಬ್ದಾರರ ಹೆಸರು

ಮೀನುಗಳು ಸಾಯುವುದೇಕೆ?

ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದಾದರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ರಾತ್ರಿ ವೇಳೆ ಪಾಚಿಯೂ ಆಮ್ಲಜನಕವನ್ನು ಬಳಸುವುದರಿಂದ ಮುಂಜಾನೆ ಅದು ಅತ್ಯಂತ ಕಡಿಮೆಯಿರುತ್ತದೆ. ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುವುದು ಇದರ ಲಕ್ಷಣ. ಆ ಹೊತ್ತಿನಲ್ಲಿ ಬಲೆ ಎಳೆದರೆ ತಳದ ಕೆಸರು ಕದಡಿ, ಉಳಿದ ಆಮ್ಲಜನಕವೂ ಕ್ಷೀಣಿಸಿ ಮೀನುಗಳು ಸಾಮೂಹಿಕವಾಗಿ ಸಾಯಬಹುದು.

ಅನುಸರಿಸಬೇಕಾದ ಕ್ರಮಗಳು

1. ಮೀನುಗಳು ಉಸಿರಿಗಾಗಿ ಮೇಲೆ ಬರುತ್ತಿದ್ದಲ್ಲಿ ಮೊದಲು ಪಂಪಿನಿಂದ ನೀರನ್ನು ಮೇಲಕ್ಕೆ ಚಿಮ್ಮಿಸಬೇಕು ಅಥವಾ ಹೊಸ ನೀರು ಬಿಡಬೇಕು. ಅವು ಚೇತರಿಸಿಕೊಂಡ ನಂತರ, ಬಿಸಿಲೇರುವ ಮುನ್ನ ಬಲೆ ಎಳೆಯಬೇಕು.
2. ಮೀನನ್ನು ಒದ್ದೆ ಕೈಯಿಂದಲೇ ಹಿಡಿಯಬೇಕು. ಒಣ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆ ಹೋಗಿ ರೋಗ ತಗಲುತ್ತದೆ.
3. ಮರಿಗಳನ್ನು ಆಮ್ಲಜನಕ ತುಂಬಿದ ಚೀಲಗಳಲ್ಲಿ ಸಾಗಿಸಿ, ಬಿಡುವ ಮುನ್ನ ಚೀಲವನ್ನು 15ರಿಂದ 20 ನಿಮಿಷ ಹೊಸ ನೀರಿನಲ್ಲಿ ತೇಲಿಬಿಡಬೇಕು.
4. ಸಾಕಣೆಗೆ ನಿಷೇಧಿತವಾದ ಆಫ್ರಿಕನ್ ಕ್ಯಾಟ್‌ಫಿಶ್ ಕಂಡುಬಂದಲ್ಲಿ ಅದನ್ನು ಬೇರೆ ಕೆರೆಗೆ ಬಿಡಬಾರದು. ಇಲಾಖೆಯ ಸಿಬ್ಬಂದಿಗೆ ತಿಳಿಸಬೇಕು.
5. ಕೆರೆಗೋಡು ತೆಗೆದ ಗುಂಡಿಗಳ ಆಳ ಮೇಲಿನಿಂದ ತಿಳಿಯುವುದಿಲ್ಲ. ಈಜು ಬಾರದವರು ಮತ್ತು ಮಕ್ಕಳು ನೀರಿಗಿಳಿಯಬಾರದು.
6. ಸತ್ತ ಮೀನುಗಳನ್ನು ಕೆರೆಯಿಂದ ದೂರದಲ್ಲಿ ಸುಣ್ಣ ಹಾಕಿ ಹೂಳಬೇಕು.

ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ ಕಾಲದಿಂದಲೂ ಶಿಕ್ಷಾರ್ಹ ಅಪರಾಧವಾಗಿದೆ. ವಿಷ ಬೆರೆತ ನೀರನ್ನು ದನಕರುಗಳೂ ಕುಡಿಯುತ್ತವೆ ಎಂಬುದನ್ನು ಸಾರ್ವಜನಿಕರು ಮರೆಯಬಾರದು.

ಕೆರೆಯು ಯಾರ ವ್ಯಾಪ್ತಿಗೆ ಸೇರಿದೆ ಎಂಬ ಮಾಹಿತಿಗಾಗಿ ಗ್ರಾಮ ಪಂಚಾಯತಿ ಕಾರ್ಯಾಲಯ ಅಥವಾ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬಹುದು. ನೀರು ಪೂರ್ಣವಾಗಿ ಇಳಿಯುವ ಮುನ್ನವೇ ಮನವಿ ಸಲ್ಲಿಸಿದಲ್ಲಿ ಮೀನುಗಳು ಜೀವಂತವಾಗಿ ಉಳಿಯುವ ಸಾಧ್ಯತೆ ಹೆಚ್ಚು.