ನಿಮಗಿದು ಗೊತ್ತೆ? ಹಾಡಿನ ಸಿಡಿಯೊಳಗೆ ಅಡಗಿದ್ದ ತಂತ್ರಾಂಶ

2005ರಲ್ಲಿ ಸೋನಿ ಬಿಎಂಜಿ ಅಮೆರಿಕದಲ್ಲಿ ಮಾರಿದ ಕೆಲವು ಹಾಡಿನ ಸಿಡಿಗಳು ಮಾಮೂಲಿ ಪ್ಲೇಯರ್‌ನಲ್ಲಿ ಸಲೀಸಾಗಿ ಹಾಡುತ್ತಿದ್ದವು. ವಿಂಡೋಸ್ ಕಂಪ್ಯೂಟರ್‌ಗೆ ಹಾಕಿದರೆ ಮಾತ್ರ ನಕಲು ತಡೆಯುವ ಎಕ್ಸ್‌ಸಿಪಿ ಎಂಬ ತಂತ್ರಾಂಶ ಒಳಸೇರಿ, ಕಣ್ಣಿಗೆ ಬೀಳದಂತೆ ಅಡಗಿ ಕೂರುತ್ತಿತ್ತು. ಆಮೇಲೆ ಸಿಡಿಯಲ್ಲೇ ಬಂದ ಪ್ಲೇಯರ್‌ನಲ್ಲಿ ಹಾಡು ಕೇಳಬೇಕು. ಮೂರಕ್ಕಿಂತ ಹೆಚ್ಚು ಪ್ರತಿ ಮಾಡುವಂತಿಲ್ಲ. ಅದನ್ನು ಕಿತ್ತುಹಾಕಲು ಹೋದರೆ ಸಿಡಿ ಡ್ರೈವ್ ಕೆಲಸ ನಿಲ್ಲಿಸುವ ಅಪಾಯ ಬೇರೆ. ಅಕ್ಟೋಬರ್ 31ರಂದು ತಂತ್ರಜ್ಞ ಮಾರ್ಕ್ ರುಸಿನೋವಿಚ್ ಇದನ್ನು ಬಯಲಿಗೆಳೆದರು. ಕೆಲವೇ ದಿನಗಳಲ್ಲಿ ಅದೇ ಮರೆಯನ್ನು ಬಳಸಿಕೊಳ್ಳುವ ವೈರಸ್‌ಗಳೂ ಹುಟ್ಟಿಕೊಂಡವು. ದುಡ್ಡು ಕೊಟ್ಟು ಸಿಡಿ ಕೊಂಡ ಪ್ರಾಮಾಣಿಕ ಕೇಳುಗರಿಗೇ ಈ ಶಿಕ್ಷೆ ಆದದ್ದು ಶುದ್ಧ ಅನ್ಯಾಯ. ನವೆಂಬರ್‌ನಲ್ಲಿ ಕಂಪನಿ ಆ ಸಿಡಿಗಳನ್ನು ಮಾರುಕಟ್ಟೆಯಿಂದ ವಾಪಸ್ ತರಿಸಿಕೊಂಡಿತು.