ಹೊಟ್ಟೆ ಬಗೆದ ಬೀಗ

ಲಂಡನ್ನಿನ ಪಿಕಡಿಲಿಯ ಅಂಗಡಿಯೊಂದರ ಗಾಜಿನ ಹಿಂದೆ 1790ರಲ್ಲಿ ಒಂದು ಬೀಗ ಬಂದು ಕೂತಿತು. ಕೀಲಿಕೈ ಇಲ್ಲದೆ ಇದನ್ನು ತೆಗೆಯಬಲ್ಲ ಸಲಕರಣೆ ಮಾಡಿದವರಿಗೆ 200 ಗಿನಿ ಬಹುಮಾನ ಎಂಬ ಫಲಕವೂ ಜೊತೆಗಿತ್ತು. ಅಂಗಡಿ ಜೋಸೆಫ್ ಬ್ರಾಮಾನದು. ಬೀಗವನ್ನು ಮಾಡಿದವನು ಅವನ ಕೈಕೆಳಗಿದ್ದ ಹೆನ್ರಿ ಮಾಡ್ಸ್ಲೆ, ಮುಂದೆ ಲೇತ್ ಯಂತ್ರಗಳಿಂದ ಹೆಸರಾದವನು. ದಶಕಗಳು ಉರುಳಿದರೂ ಬಹುಮಾನ ಯಾರ ಕೈಗೂ ಸಿಗಲಿಲ್ಲ. 1851ರಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ ಅಮೆರಿಕದಿಂದ ಬಂದಿದ್ದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, 16 ದಿನಗಳ ಅವಧಿಯಲ್ಲಿ ಒಟ್ಟು 51 ಗಂಟೆ ಅದರ ಮುಂದೆ ಕೂತು ತೆಗೆದೇಬಿಟ್ಟ. ಅದಕ್ಕೆ ಮೊದಲು ಚಬ್ ಕಂಪನಿಯ ಹೆಸರಾಂತ ಬೀಗಕ್ಕೆ ಅವನಿಗೆ ಅರ್ಧ ಗಂಟೆಯೂ ಬೇಕಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ ದೊಡ್ಡ ಗದ್ದಲವೆದ್ದಿತು. ಬೀಗದ ಗುಟ್ಟು ರಟ್ಟು ಮಾಡುವುದೆಂದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತೆ ಎಂದರು ಹಲವರು. ಚಾರ್ಲ್ಸ್ ಟಾಮ್ಲಿನ್ಸನ್ ಸಂಪಾದಿಸಿ 1853ರಲ್ಲಿ ಹೊರತಂದ ಹಾಬ್ಸ್‌ನ ಪುಸ್ತಕ ಈ ಮಾತನ್ನು ಒಪ್ಪಲಿಲ್ಲ. ಕಳ್ಳರಿಗೆ ಅವರ ಕಸುಬು ಚೆನ್ನಾಗಿಯೇ ಗೊತ್ತಿದೆ, ಗೊತ್ತಿಲ್ಲದವರು ದುಡ್ಡು ಕೊಟ್ಟು ಬೀಗ ಕೊಳ್ಳುವ ಪ್ರಾಮಾಣಿಕರೇ ಎಂಬುದು ಅದರ ವಾದ. ಇಂದು ಹವ್ಯಾಸಿಗಳು ಡ್ರಿಲ್ಲು, ಗ್ರೈಂಡರ್ ಹಿಡಿದು ಮನೆಯಲ್ಲೇ ಮಾಡಿಕೊಳ್ಳುವ ‘ಕಟ್‌ಅವೇ’ ಬೀಗ, ಅಂದರೆ ಒಳಗಿನ ಕೆಲಸ ಕಾಣುವಂತೆ ಪಕ್ಕೆ ಕತ್ತರಿಸಿದ ಅಭ್ಯಾಸದ ಬೀಗ, ಈ ಜಗಳದಲ್ಲಿ ಹಾಬ್ಸ್ ಪಕ್ಷದ್ದು.

ಹೀಗೆ ಕತ್ತರಿಸಲು ಒಗ್ಗುವ ಬೀಗ ಬಂದದ್ದು ಲೈನಸ್ ಯೇಲ್ ಎಂಬ ಒಂದೇ ಹೆಸರಿನ ಅಪ್ಪ–ಮಗನಿಂದ. ಪ್ರಾಚೀನ ಈಜಿಪ್ಟಿನವರು ಮರದ ಬೀಗದಲ್ಲಿ ಬಳಸುತ್ತಿದ್ದ, ಬೀಳುವ ಗೂಟಗಳ ಉಪಾಯವನ್ನು ಅಪ್ಪ 1848ರಲ್ಲಿ ಲೋಹಕ್ಕೆ ತಂದ. ಭಾವಚಿತ್ರ ಬಿಡಿಸುವುದನ್ನು ಬಿಟ್ಟು ಬೀಗದ ಕೆಲಸಕ್ಕಿಳಿದ ಮಗ, 1861 ಮತ್ತು 1865ರ ಪೇಟೆಂಟುಗಳಲ್ಲಿ ಅದನ್ನು ಚಪ್ಪಟೆ ಕೀಲಿಕೈಯ ಪುಟ್ಟ ಸಿಲಿಂಡರಿಗೆ ಇಳಿಸಿದ. ಹಾಬ್ಸ್ ಲಂಡನ್ನಿನಲ್ಲಿ ಮೆರೆಸಿದ್ದ ಡೇ ಅಂಡ್ ನ್ಯೂವೆಲ್ ಕಂಪನಿಯ ಬೀಗವನ್ನು ತೆಗೆದು ತೋರಿಸಿದವನೂ ಈ ಮಗನೇ. ಮಾಡಿದ್ದುಣ್ಣೋ ಮಹಾರಾಯ ಎಂದಹಾಗಾಯಿತು.

ಯೇಲ್ ಬೀಗದೊಳಗೆ ಸಾಲಾಗಿ ಐದೋ ಆರೋ ತೂತು. ಪ್ರತಿ ತೂತಿನಲ್ಲೂ ಒಂದರ ಮೇಲೊಂದು ಎರಡು ಪಿನ್ನು, ಅವುಗಳ ತಲೆಯ ಮೇಲೊಂದು ಸ್ಪ್ರಿಂಗ್. ಸರಿಯಾದ ಕೀಲಿಕೈ ತೂರಿಸಿದಾಗ ಕೆಳಗಿನ ಪಿನ್ನುಗಳು ತಕ್ಕಷ್ಟೇ ಏರಿ, ಎರಡು ಪಿನ್ನುಗಳ ನಡುವಿನ ಸಂದು ಎಲ್ಲ ತೂತುಗಳಲ್ಲೂ ಒಂದೇ ಗೆರೆಗೆ ಬರುತ್ತದೆ. ಆಗ ಒಳಗಿನ ಉರುಳೆ ತಿರುಗುತ್ತದೆ. ಒಂದೇ ಮಾದರಿಯ ಎರಡು ಬೀಗಗಳಿಗಿರುವ ವ್ಯತ್ಯಾಸ ಪಿನ್ನುಗಳ ಉದ್ದ, ಅದಕ್ಕೆ ತಕ್ಕ ಕೀಲಿಕೈಯ ಹಲ್ಲು, ಅಷ್ಟೇ. ಹಾಗಾಗಿ ಒಂದನ್ನು ಕತ್ತರಿಸಿ ಊರಿಗೆಲ್ಲ ತೋರಿಸಿದರೂ ಪಕ್ಕದ ಮನೆಯ ಕೀಲಿಕೈ ಹೇಗಿದೆ ಎಂಬುದು ತಿಳಿಯುವುದಿಲ್ಲ.

ಬೀಗದ ಕಂಪನಿಗಳ ಮಾರಾಟಗಾರರು ಗಿರಾಕಿಗೆ ತೋರಿಸಲು, ಬೀಗದ ಕೆಲಸ ಕಲಿಸುವವರು ಶಿಷ್ಯರಿಗೆ ವಿವರಿಸಲು ಇಂಥ ಕತ್ತರಿಸಿದ ಬೀಗ ಇಟ್ಟುಕೊಳ್ಳುವುದು ಹಳೆಯ ರೂಢಿ. ನಮ್ಮ ಐಟಿಐಗಳಲ್ಲಿ ಎಂಜಿನ್ನು, ಗೇರ್‌ಬಾಕ್ಸುಗಳನ್ನು ಕೊಯ್ದು ಬಣ್ಣ ಬಳಿದು ನಿಲ್ಲಿಸಿರುವ ‘ಕಟ್ ಸೆಕ್ಷನ್’ ಮಾದರಿಗಳೂ ಇದೇ ಕುಲದವು. ಅವಕ್ಕೆ ಕಾರ್ಖಾನೆಯ ಮಿಲ್ಲಿಂಗ್ ಯಂತ್ರ ಬೇಕು. ಮನೆಯವರ ಕೈಗೆ ಯಂತ್ರ ಬಂದದ್ದು ನಿಧಾನವಾಗಿ. ಪಿಸ್ತೂಲಿನ ಹಿಡಿಯ ವಿದ್ಯುತ್ ಡ್ರಿಲ್ಲಿಗೆ ಬ್ಲ್ಯಾಕ್ ಅಂಡ್ ಡೆಕರ್ 1917ರಲ್ಲಿ ಪೇಟೆಂಟ್ ಪಡೆದರೂ, ಮನೆಬಳಕೆಗೆಂದೇ ಡ್ರಿಲ್ಲು ಮಾರಲು ಹೊರಟದ್ದು 1946ರಲ್ಲಿ. ಬೆರಳ ತುದಿಯಲ್ಲಿ ಹಿಡಿದು ಕೆತ್ತುವ ಪುಟ್ಟ ರೋಟರಿ ಯಂತ್ರವನ್ನು ಮನೆಮಾತಾಗಿಸಿದ ಡ್ರೆಮೆಲ್ ಕಂಪನಿ ಅಮೆರಿಕದ ರಸೀನ್ ಪಟ್ಟಣದಲ್ಲಿ 1932ರಲ್ಲಿ ಹುಟ್ಟಿತು.

ಯಂತ್ರ ಬಂತು, ಬೇಡಿಕೆ ಬರಬೇಕಿತ್ತು. 1991ರಲ್ಲಿ ಅಮೆರಿಕದ ಎಂಐಟಿ ಹೆಸರು ಹೊತ್ತ ಬೀಗ ತೆಗೆಯುವ ಕೈಪಿಡಿಯೊಂದು ಗುಪ್ತನಾಮದಲ್ಲಿ ಹೊರಬಿದ್ದು ಕೈಯಿಂದ ಕೈಗೆ ದಾಟಿತು. 1997ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಬೀಗ ತೆಗೆಯುವುದನ್ನೇ ಆಟವಾಗಿಸಿಕೊಂಡವರ ಸಂಘ ಶುರುವಾಯಿತು. ನೆದರ್ಲೆಂಡ್ಸಿನಲ್ಲೂ ಇಂಥದೇ ಕೂಟ ಬೆಳೆಯಿತು. ಈ ಆಟ ಪೂರ್ತಿ ಕೈಯಂದಾಜಿನದು. ಯಾವ ಪಿನ್ನು ಏರಿತು, ಯಾವುದು ಸಿಕ್ಕಿಕೊಂಡಿತು ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಬೆರಳಿಗೆ ತಾಗಿದ್ದು ಕಣ್ಣಿಗೂ ಕಾಣಬೇಕೆಂದರೆ ಬೀಗಕ್ಕೊಂದು ಕಿಟಕಿ ಬೇಕು.

ಕಿಟಕಿ ಕೊರೆಯುವ ಕೆಲಸದಲ್ಲಿ ಜಾಣತನವೆಲ್ಲ ಆಳದ ಲೆಕ್ಕದಲ್ಲಿದೆ. ಮೊದಲು ಕೀಲಿಕೈಯನ್ನು ತುಸು ತಿರುಗಿಸಿ, ಉರುಳೆಯಷ್ಟೇ ದಪ್ಪದ ಮರದ ದಂಡವೊಂದನ್ನು ಹಿಂದಿನಿಂದ ಒತ್ತುತ್ತ ಉರುಳೆಯನ್ನು ಹೊರತರಬೇಕು. ದಂಡವಿಲ್ಲದೆ ಎಳೆದರೆ ಸ್ಪ್ರಿಂಗುಗಳು ಸಿಡಿಯುತ್ತವೆ. ಪಿನ್ನು, ಸ್ಪ್ರಿಂಗುಗಳನ್ನು ಕ್ರಮ ತಪ್ಪದಂತೆ ಬೇರೆ ಇಟ್ಟು, ಬರಿಯ ಉರುಳೆಯನ್ನು ಮತ್ತೆ ಒಳಗೆ ಕೂರಿಸಿ, ಬೀಗವನ್ನು ವೈಸಿಗೆ ಕಚ್ಚಿಸಬೇಕು. ಹೊರಕವಚವನ್ನೂ ಉರುಳೆಯನ್ನೂ ಒಟ್ಟಿಗೆ ಕೊಯ್ದರೆ ಎರಡರ ಕಿಟಕಿಯೂ ನೇರ ಬರುತ್ತದೆ.

ತೂತಿನ ಅಗಲ 3 ಮಿ.ಮೀ. ಎಂದುಕೊಳ್ಳಿ. ಪಕ್ಕದಿಂದ ಕೊಯ್ಯುತ್ತ ಬಂದು, ತೂತಿನ ನಡುಮಧ್ಯ ಇನ್ನೂ 1 ಮಿ.ಮೀ. ದೂರವಿರುವಾಗ ನಿಲ್ಲಿಸಿದರೆ ತೆರೆದ ಬಾಯಿಯ ಅಗಲ ಸುಮಾರು 2.2 ಮಿ.ಮೀ. ಪಿನ್ನು ಕಾಣುತ್ತದೆ, ಹೊರಗೆ ಬೀಳುವುದಿಲ್ಲ. ಆಸೆಪಟ್ಟು ಮಧ್ಯದವರೆಗೂ ಕೊಯ್ದರೆ ಬಾಯಿಯೂ 3 ಮಿ.ಮೀ. ಆಗಿ, ಪಿನ್ನು ಮೇಜಿನ ಮೇಲೆ, ಸ್ಪ್ರಿಂಗು ಸೋಫಾದ ಕೆಳಗೆ. ಕೊನೆಯ ಅರ್ಧ ಮಿಲಿಮೀಟರನ್ನು ಯಂತ್ರಕ್ಕೆ ಬಿಡದೆ ಅರದಿಂದ ಉಜ್ಜುವುದೇ ಕ್ಷೇಮ. ಹಿತ್ತಾಳೆ ಮೆತ್ತನೆಯ ಲೋಹವೆಂದು ಡ್ರಿಲ್ಲಿನ ಮೇಲೆ ಭಾರ ಹಾಕುವಂತಿಲ್ಲ. ಹೊಸ ಚೂಪಾದ ಡ್ರಿಲ್ ಬಿಟ್ ಹಿತ್ತಾಳೆಯನ್ನು ಕಚ್ಚಿ ಸರ್ರನೆ ಒಳಗೆ ಎಳೆದುಕೊಳ್ಳುತ್ತದೆ.

ಅಂಚಿನಲ್ಲೆದ್ದ ಮುಳ್ಳುಗಳನ್ನು ತೆಗೆದು, ಪುಡಿ ತೊಳೆದು ಜೋಡಿಸಿದ ಮೇಲೂ ಒಂದು ತೊಡಕಿದೆ. ಪಿನ್ನುಗಳು ಮೇಲಿದ್ದು ಕಿಟಕಿ ಬಲಕ್ಕಿರುವ ಬೀಗವನ್ನು ಎಡಕ್ಕೆ ತಿರುಗಿಸಿದರೆ, ಉರುಳೆಯ ಕೊಯ್ದ ಭಾಗ ಮೇಲಿನ ಪಿನ್ನುಗಳ ಕೆಳಗೆ ಬರುತ್ತದೆ. ಸ್ಪ್ರಿಂಗು ಅವನ್ನು ಅದರೊಳಕ್ಕೆ ತಳ್ಳಿ ಬೀಗ ಅಲ್ಲೇ ಬಿಗಿದುಕೊಳ್ಳುತ್ತದೆ. ಅದನ್ನು ಬಲಕ್ಕೇ, ಅದೂ ಕಾಲು ಸುತ್ತು ಮಾತ್ರ ತಿರುಗಿಸಬೇಕು.

ನಮ್ಮಲ್ಲಿ ಗೇಟಿಗೂ ಷಟರಿಗೂ ಹಾಕುವ ಬೀಗಗಳಲ್ಲಿ ಹೆಚ್ಚಿನವು ಲಿವರ್ ಜಾತಿಯವು. ಈ ಲೆಕ್ಕ ಅವಕ್ಕೆ ಹೊಂದದು. ಮುಂಬಾಗಿಲಿನ ಸಿಲಿಂಡರ್ ಬದಲಿಸಿದಾಗ ಉಳಿಯುವ ಹಳೆಯದು ಸರಿಯಾದ ಆಯ್ಕೆ. ಅದರಲ್ಲಿ ಪಿನ್ನುಗಳು ತಲೆಕೆಳಗಾಗಿ ಕೂತಿದ್ದರೆ ತಿರುಗಿಸುವ ದಿಕ್ಕೂ ಅದಲುಬದಲು. ಬಾಗಿಲಲ್ಲಿ ಕೆಲಸ ಮಾಡುತ್ತಿರುವ ಬೀಗವನ್ನು ಮುಟ್ಟಬೇಡಿ. ಕಣ್ಣಿಗೆ ಕನ್ನಡಕ ಇರಲಿ, ಹಿತ್ತಾಳೆಯಲ್ಲಿ ಸೀಸ ಬೆರೆತಿರಬಹುದಾದ್ದರಿಂದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ. ಇನ್ನು ಕೀಲಿಕೈ ಕಳೆದುಹೋದ ಬೀಗವನ್ನು ಆರಿಸಿಕೊಳ್ಳಬೇಡಿ. ಪಿನ್ನುಗಳು ಮೊದಲಿನ ಕ್ರಮದಲ್ಲೇ ಕೂತಿವೆಯೇ ಎಂದು ನೋಡಲು ಅದರದೇ ಕೀಲಿಕೈ ಬೇಕು.